ಕಬ್ಬಿನ ಗದ್ದೆಯ ಬೆಕ್ಕು

ಇದು 1997ರ ಮಳೆಗಾಲದ ಮಾತು. ನಾನಾಗ ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಬಿಎಸ್ಸಿ, ಬಿಎಡ್ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಜಗತ್ತಿನಲ್ಲಿ ನನಗೆ ಗೊತ್ತಿಲ್ಲದ್ದು ಸ್ವಲ್ಪವೇ ಉಳಿದಿದೆ, ಅದನ್ನೂ ಮುಂದಿನ ಬೇಸಿಗೆ ರಜೆಯಲ್ಲಿ ಓದಿ ಮುಗಿಸಬಹುದು ಎಂದುಕೊಂಡಿದ್ದ ವಯಸ್ಸು ಅದು.

ಒಂದು ದಿನ ಸಮಾಜ ವಿಜ್ಞಾನದ ಮೇಷ್ಟ್ರು ರಜೆ ಹಾಕಿದ್ದರಿಂದ ಒಂಬತ್ತನೇ ತರಗತಿಯ ಆ ಪೀರಿಯಡ್ ನನ್ನ ಪಾಲಿಗೆ ಬಂತು. ಅವರು ನಿಲ್ಲಿಸಿದ್ದ ಕಡೆಯಿಂದಲೇ ಶುರು ಮಾಡಿದೆ. ಹುಲ್ಲುಗಾವಲುಗಳು. ಉತ್ತರ ಅಮೆರಿಕದಲ್ಲಿ ಪ್ರೈರಿ, ರಷ್ಯಾದಲ್ಲಿ ಸ್ಟೆಪ್ಪಿ, ಆಫ್ರಿಕದಲ್ಲಿ ಸವನ್ನಾ, ದಕ್ಷಿಣ ಅಮೆರಿಕದಲ್ಲಿ ಪಂಪಾಸ್ ಎಂದು ಬೋರ್ಡಿನ ಮೇಲೆ ಬರೆದೆ. ಶಾಲೆಯ ಬೀರುವಿನಲ್ಲಿ ಯಾರೋ ದಾನ ಕೊಟ್ಟಿದ್ದ, ಮುಖಪುಟ ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿದ್ದ ಪಂಪಾಸ್ ಬೆಕ್ಕಿನ ಚಿತ್ರವನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದೆ. ಒಣಹುಲ್ಲಿನ ಬಣ್ಣದ ಮೈ, ಕಾಲುಗಳ ಮೇಲೆ ಕಪ್ಪು ಪಟ್ಟೆ, ಚೂಪು ಕಿವಿ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಎಂದೂ ಬಾಯಿಬಿಡದವನು. "ಸಾ, ಈ ಬೆಕ್ಕು ನಮ್ ಕಬ್ಬಿನ್ ಗದ್ದೇಲಿ ಐತೆ ಸಾ" ಎಂದ.

"ಇದು ಅರ್ಜೆಂಟೀನಾ ದೇಶದ್ದು ಕಣೋ. ನಿಮ್ಮ ಗದ್ದೆಗೆ ಬರಬೇಕಾದರೆ ಹಡಗು ಹತ್ತಬೇಕು" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕಿವಿ ಕೆಂಪಗೆ ಮಾಡಿಕೊಂಡು ಕೂತ. ನನ್ನ ಜೋಕಿಗೆ ನಾನೂ ಒಂದಿಷ್ಟು ನಕ್ಕೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

1998ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅದೇ ಹುಡುಗ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬಿದಿರಿನ ಕುಕ್ಕೆ, ಮೇಲೆ ಗೋಣಿತಾಟು. ತೆಗೆದು ನೋಡಿದರೆ ಮೂರು ಮರಿಗಳು. ಕಣ್ಣು ಬಿಟ್ಟು ಒಂದೆರಡು ವಾರವಾಗಿದ್ದಿರಬಹುದು. ಹಿಂದಿನ ಸಂಜೆ ಅವರ ಗದ್ದೆಯಲ್ಲಿ ಕಬ್ಬು ಕಡಿಯುವಾಗ ಒಣ ಸೋಗೆಯ ಮೇಲೆ ಮಲಗಿದ್ದವಂತೆ. ಕಡಿಯುವ ಆಳುಗಳು ಚಿರತೆ ಮರಿಯೆಂದು ಮಚ್ಚು ಬಿಸಾಡಿ ಓಡಿದರಂತೆ. "ಚಿರತೆ ಅಲ್ಲ ಸಾ, ನಾನ್ ಹೇಳಿರ್ಲಿಲ್ವಾ, ಅದೇ ಬೆಕ್ಕು" ಎಂದ. ಅವನ ದನಿಯಲ್ಲಿ ನನ್ನನ್ನು ಸೋಲಿಸಿದ ಹಮ್ಮು ಇರಲಿಲ್ಲ. ಮೇಷ್ಟ್ರಿಗೆ ತೋರಿಸಬೇಕೆಂಬ ಆಸೆ ಮಾತ್ರ ಇತ್ತು.

ಮುಂದಿನದನ್ನು ಬರೆಯಲು ನನಗೆ ಈಗಲೂ ಕಷ್ಟ. ಮೂರು ಮರಿಗಳನ್ನೂ ನಾನು ಶಾಲೆಯಲ್ಲೇ ಇಟ್ಟುಕೊಂಡೆ. ಪ್ರಯೋಗಾಲಯವೆಂದು ಕರೆಯುತ್ತಿದ್ದ ಕೋಣೆಯ ಮೂಲೆಯಲ್ಲಿ ಕುಕ್ಕೆ ಇಟ್ಟು, ಇಂಕ್ ಫಿಲ್ಲರಿನಲ್ಲಿ ಹಸುವಿನ ಹಾಲು ಕುಡಿಸಿದೆ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಯ ಮಕ್ಕಳು ಸಾಲಾಗಿ ಬಂದು ಮುಟ್ಟಿ ನೋಡಿದರು. ನಾನು ಸಸ್ತನಿಗಳ ಲಕ್ಷಣ ವಿವರಿಸಿದೆ. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗ ಕೇಳಿದ: "ಅವುರವ್ವ ಹುಡುಕ್ತಿರ್ತದೆ ಅಲ್ವಾ ಸಾ? ತಿರುಗ ಅಲ್ಲೇ ಇಟ್ ಬರ್ಲಾ?"

"ಮನುಷ್ಯರ ವಾಸನೆ ತಾಗಿದ ಮೇಲೆ ತಾಯಿ ಸೇರಿಸುವುದಿಲ್ಲ" ಎಂದೆ. ಎಲ್ಲೋ ಕೇಳಿದ್ದು, ಎಲ್ಲೂ ಓದಿದ್ದಲ್ಲ. ಆದರೂ ನ್ಯೂಟನ್ನನ ನಿಯಮ ಹೇಳುವಷ್ಟೇ ಗಟ್ಟಿಯಾಗಿ ಹೇಳಿದೆ.

ಎರಡನೆಯ ರಾತ್ರಿ ಒಂದು ಸತ್ತಿತು. ಮರುದಿನ ಇನ್ನೊಂದು. ಮೂರನೆಯದು ಐದು ದಿನ ಇತ್ತು. ಹಾಲು ಕುಡಿದದ್ದೆಲ್ಲ ಭೇದಿಯಾಗಿ ಹೋಗುತ್ತಿತ್ತು. ಶಾಲೆಯ ಹಿಂದಿನ ಹೊಂಗೆ ಮರದ ಬುಡದಲ್ಲಿ ಹುಡುಗರೇ ಗುಂಡಿ ತೋಡಿದರು. ಮಣ್ಣು ಮುಚ್ಚುವಾಗ ಆ ಹುಡುಗ ನನ್ನ ಕಡೆ ನೋಡದೆ ಹೇಳಿದ: "ಎರಡ್ ರಾತ್ರಿ ಗದ್ದೆ ಬದೀನ್ ಮೇಲೆ ಕೂಗ್ತಾ ಓಡಾಡ್ತಂತೆ ಸಾ. ನಮ್ಮಪ್ಪ ನೀರ್ ಕಟ್ಟೋಕ್ ಹೋದಾಗ ಕೇಳ್ತಂತೆ."

ಆಮೇಲೆ ನಾನು ಓದಿದೆ. ಹಾಸನಕ್ಕೆ, ಮೈಸೂರಿಗೆ ಹೋದಾಗಲೆಲ್ಲ ಪುಸ್ತಕ ಹುಡುಕಿದೆ, ತಿಳಿದವರನ್ನು ಕೇಳಿದೆ. ಮೊದಲು ತಿಳಿದದ್ದು ಹಾಲಿನ ವಿಷಯ. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಬೆಕ್ಕಿನ ಮರಿಗೆ ಸರಿಯಾಗಿ ಅರಗುವುದಿಲ್ಲ. ತಾಯಿ ಬೆಕ್ಕಿನ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಹಸುವಿನ ಹಾಲಿಗಿಂತ ಹೆಚ್ಚು. ಅಷ್ಟು ಚಿಕ್ಕ ಮರಿಗಳಿಗೆ ಮೈ ಬಿಸಿಯನ್ನು ತಾವೇ ಕಾಪಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಜನವರಿಯ ಚಳಿಯಲ್ಲಿ ಸಿಮೆಂಟ್ ನೆಲದ ಮೇಲೆ ಅವನ್ನು ಇಟ್ಟಿದ್ದೆ. ಇನ್ನು ಮನುಷ್ಯರ ವಾಸನೆಯ ಮಾತು ಬರೀ ಮಾತು. ಬೆಕ್ಕಿನ ಜಾತಿಯ ತಾಯಿ ತನ್ನ ಮರಿಯನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಚಿರತೆ ಮರಿಗಳನ್ನೇ, ಜನ ಮುಟ್ಟಿ ಎತ್ತಿದವುಗಳನ್ನೇ, ಸಂಜೆ ಅದೇ ಜಾಗದಲ್ಲಿಟ್ಟು ತಾಯಿಗೆ ಸೇರಿಸಿದ್ದಾರೆ, ಒಂದೆರಡಲ್ಲ, ಎಷ್ಟೋ ಸಲ.

ಹುಡುಗ ತಂದದ್ದು ಕಾಡುಬೆಕ್ಕು. ವಿಜ್ಞಾನದಲ್ಲಿ ಇದರ ಹೆಸರು ಫೆಲಿಸ್ ಚಾಸ್. ಗುಲ್ಡೆನ್‌ಸ್ಟೆಟ್ ಎಂಬ ಪ್ರಕೃತಿ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದ್ದು 1776ರಲ್ಲಿ, ಕಾಕಸಸ್ ಪರ್ವತಗಳ ಉತ್ತರದ ತೆರೆಕ್ ನದಿಯ ದಡದಲ್ಲಿ ಸಿಕ್ಕ ಬೆಕ್ಕನ್ನು ನೋಡಿ. ಈಜಿಪ್ಟಿನಿಂದ ಆಗ್ನೇಯ ಏಷ್ಯಾದವರೆಗೆ ಇದರ ಸಂಸಾರ ಹರಡಿದೆ. ಕಾಡುಬೆಕ್ಕು ಎಂಬುದು ಸ್ವಲ್ಪ ದಾರಿ ತಪ್ಪಿಸುವ ಹೆಸರು. ದಟ್ಟ ಕಾಡಿನಲ್ಲಿ ಇದು ಅಪರೂಪ. ಇದಕ್ಕೆ ಬೇಕಾದದ್ದು ಎತ್ತರದ ಹುಲ್ಲು, ಜೊಂಡು, ಕುರುಚಲು, ಹತ್ತಿರದಲ್ಲಿ ನೀರು. ನಮ್ಮ ಕಡೆಯ ಹಳಬರು ಇದನ್ನು ಬಾವುಗ ಎಂದೂ ಕರೆಯುತ್ತಾರೆ. ಕೆಲವರು ಪುನುಗಿನ ಬೆಕ್ಕನ್ನೂ ಇದರ ಜೊತೆ ಸೇರಿಸಿ ಎಲ್ಲಕ್ಕೂ ಕಾಡುಬೆಕ್ಕು ಎಂದುಬಿಡುತ್ತಾರೆ. ಪುನುಗು ಬೆಕ್ಕಿನ ಕುಟುಂಬದ್ದೇ ಅಲ್ಲ. ಉದ್ದ ಮೂತಿ, ಉದ್ದ ಬಾಲ, ಹಣ್ಣೂ ತಿನ್ನುತ್ತದೆ, ಮರ ಹತ್ತುತ್ತದೆ. ಕಾಡುಬೆಕ್ಕಿಗೆ ಕಾಲು ಉದ್ದ, ಬಾಲ ಮೋಟು. ಬಾಲದ ತುದಿಯಲ್ಲಿ ಕಪ್ಪು ಬಳೆಗಳು, ಕಿವಿಯ ತುದಿಯಲ್ಲಿ ಒಂದು ಚಿಕ್ಕ ಕಪ್ಪು ಕುಚ್ಚು. ಮರಿಗಳ ಮೈಮೇಲೆ ಪಟ್ಟೆ, ಚುಕ್ಕೆ ಇರುತ್ತವೆ. ಬೆಳೆಯುತ್ತಾ ಅಳಿಸಿಹೋಗಿ ಕಾಲಿನ ಮೇಲೆ ಮಾತ್ರ ಗುರುತು ಉಳಿಯುತ್ತದೆ. ಜನ ಚಿರತೆ ಮರಿಯೆಂದು ಓಡುವುದಕ್ಕೆ ಈ ಪಟ್ಟೆ ಚುಕ್ಕೆಗಳೇ ಕಾರಣ. ಚಿರತೆ ಮರಿಯ ಮೈ ತುಂಬ ಒತ್ತೊತ್ತಾಗಿ ಕಪ್ಪು ಚುಕ್ಕೆ, ದುಂಡು ಕಿವಿ, ಬಾಲ ಉದ್ದ. ಒಮ್ಮೆ ಎರಡನ್ನೂ ಚಿತ್ರದಲ್ಲಿ ನೋಡಿಕೊಂಡ ಮಗು ಮತ್ತೆ ತಪ್ಪುವುದಿಲ್ಲ.

ಹಾಗಾದರೆ ಪಂಪಾಸಿನ ಬೆಕ್ಕಿಗೂ ಇದಕ್ಕೂ ಏನು ಸಂಬಂಧ? ಹುಡುಗ ಎರಡೂ ಒಂದೇ ಅಂದನಲ್ಲ. ವಂಶದ ಲೆಕ್ಕದಲ್ಲಿ ನೋಡಿದರೆ ದೂರದ ದಾಯಾದಿಗಳು. ಸುಮಾರು ಮೂವತ್ತು ಲಕ್ಷ ವರ್ಷಗಳ ಹಿಂದೆ ಪನಾಮದ ಬಳಿ ಎರಡು ಅಮೆರಿಕಗಳ ನಡುವೆ ನೆಲ ಕೂಡಿಕೊಂಡ ಮೇಲೆ ದಕ್ಷಿಣ ಅಮೆರಿಕದಲ್ಲಿ ಬೆಳೆದ ಚಿಕ್ಕ ಬೆಕ್ಕುಗಳ ಗುಂಪಿಗೆ ಪಂಪಾಸ್ ಬೆಕ್ಕು ಸೇರಿದ್ದು. ಅದರ ಜೀವಕೋಶದಲ್ಲಿ 18 ಜೊತೆ ವರ್ಣತಂತುಗಳು. ನಮ್ಮ ಕಾಡುಬೆಕ್ಕಿನಲ್ಲಿ, ನಮ್ಮ ಮನೆಯ ಬೆಕ್ಕಿನಲ್ಲಿ 19 ಜೊತೆ. ಆದರೂ ಎರಡಕ್ಕೂ ಒಣಹುಲ್ಲಿನ ಬಣ್ಣ, ಕಾಲಿಗೆ ಪಟ್ಟೆ. ಹುಲ್ಲಿನಲ್ಲಿ ಬಾಳುವ ಜೀವಕ್ಕೆ ಹುಲ್ಲೇ ಅಂಗಿ ಹೊಲಿದುಕೊಡುತ್ತದೆ ಎನ್ನಬಹುದು. ಅಲ್ಲಿಯವರು ಆ ಬೆಕ್ಕನ್ನು ಕರೆಯುವುದೂ ಗಾಟೋ ಪಾಹೆರೋ ಎಂದು. ಸ್ಪ್ಯಾನಿಷ್‌ನಲ್ಲಿ ಪಾಹಾ ಎಂದರೆ ಒಣಹುಲ್ಲು. ಒಣಹುಲ್ಲಿನ ಬೆಕ್ಕು. ಹುಡುಗ ಹೇಳಿದ್ದು ತಪ್ಪು, ಆದರೆ ನನ್ನ ನಗೆಗಿಂತ ಅವನ ತಪ್ಪು ಸರಿಗೆ ಹತ್ತಿರವಿತ್ತು.

ಪಂಪಾಸ್ ಬೆಕ್ಕಿನ ಚರ್ಮಕ್ಕೆ ಒಂದು ಕಾಲದಲ್ಲಿ ಭಾರಿ ಬೇಡಿಕೆ. 1976ರಿಂದ 1979ರ ನಡುವೆ ಅರ್ಜೆಂಟೀನಾ ಒಂದರಿಂದಲೇ 78 ಸಾವಿರಕ್ಕೂ ಹೆಚ್ಚು ಚರ್ಮ ರಫ್ತಾದವು, ಕೋಟು ಹೊಲಿಯಲು. ನಮ್ಮ ಕಾಡುಬೆಕ್ಕಿನ ಚರ್ಮವೂ ಹಾಗೇ ಹೋಗುತ್ತಿತ್ತು. ಈ ವ್ಯಾಪಾರಗಳು ಕಾನೂನಿನಿಂದ ನಿಂತವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೂ ಅನ್ವಯಿಸುತ್ತದೆ. ಕೊಲ್ಲುವುದೂ ಅಪರಾಧ, ಹಿಡಿದು ಸಾಕುವುದೂ ಅಪರಾಧ. ನಾನು ಮಾಡಿದ್ದು ಅದನ್ನೇ ಎಂದು ಆಮೇಲೆ ತಿಳಿಯಿತು. ಈಗ ಪಂಪಾಸಿನಲ್ಲಿ ಚರ್ಮದ ಭಯಕ್ಕಿಂತ ನೆಲದ ಚಿಂತೆ ದೊಡ್ಡದು. ಹುಲ್ಲು ಹೋಗಿ ಗೋಧಿ, ಸೋಯಾ ಬಂದಿವೆ.

ನಮ್ಮಲ್ಲೂ ಹುಲ್ಲುಗಾವಲು ಇತ್ತು, ಅದೂ ಶಾಲೆಯಿಂದ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ. ಬೋರ್ಡಿನ ಮೇಲೆ ನಾಲ್ಕು ಖಂಡದ ಹುಲ್ಲು ಬರೆದವನು ಅದನ್ನು ಬರೆಯಲಿಲ್ಲ. ನಮ್ಮ ಸೀಮೆಯಲ್ಲಿ ಊರ ಹೆಸರಿನ ಕೊನೆಗೆ ಕಾವಲು ಎಂದು ಬರುವುದು ಎಷ್ಟಿವೆ, ಲೆಕ್ಕ ಹಾಕಿ ನೋಡಿ. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡ ಆ ದನಗಳ ಮೇವಿಗೆ ಮೀಸಲಾಗಿ ಕಾದಿಟ್ಟ ಹುಲ್ಲಿನ ನೆಲವೇ ಕಾವಲು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಕಡೆಯೆಲ್ಲ ಇಂಥವು ಇದ್ದವು. ಅಲ್ಲಿ ದನ ಮಾತ್ರವಲ್ಲ, ನರಿ, ಮೊಲ, ಕೆಲವು ಕಡೆ ಕೃಷ್ಣಮೃಗ, ಈ ಬೆಕ್ಕು ಎಲ್ಲ ಬದುಕಿದ್ದವು. ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿದ್ದಾರೆ. ಉಳಿದ ಎಷ್ಟೋ ಕಾವಲುಗಳು ಹೆಸರಿನಲ್ಲಿ ಮಾತ್ರ ಉಳಿದಿವೆ.

ಕಾವಲು ಕಿರಿದಾಗುತ್ತಾ ಬಂದ ಕಾಲದಲ್ಲೇ ಹೇಮಾವತಿಯ ನೀರು ಬಂತು. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾಲೆ ಹರಿದ ಕಡೆ ಭತ್ತ, ಕಬ್ಬು. ಸಸ್ಯಶಾಸ್ತ್ರದಲ್ಲಿ ಭತ್ತ, ರಾಗಿ, ಕಬ್ಬು ಎಲ್ಲವೂ ಹುಲ್ಲಿನ ಕುಟುಂಬದವೇ. ಈ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದ್ದೆ, ಅರ್ಥವಾದದ್ದು ಬೆಕ್ಕಿನಿಂದ. ಆಳೆತ್ತರಕ್ಕಿಂತ ಮೇಲಿನ ಹುಲ್ಲು, ಒಳಗೆ ತಂಪು, ಪಕ್ಕದಲ್ಲಿ ನಾಲೆ, ಬದುವಿನ ತುಂಬ ಇಲಿ ಹೆಗ್ಗಣ, ಹತ್ತು ಹನ್ನೆರಡು ತಿಂಗಳು ಹೆಚ್ಚಾಗಿ ಯಾರೂ ಒಳಹೊಕ್ಕದ ಜಾಗ. ಕಾವಲು ಕಳೆದುಕೊಂಡ ಬೆಕ್ಕಿಗೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ? ಸುಮಾರು ಎರಡು ತಿಂಗಳು ಗರ್ಭ ಹೊತ್ತು ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುತ್ತದೆ. ಕಾರ್ಖಾನೆಯಿಂದ ಕಟಾವಿಗೆ ಯಾವಾಗ ಪರ್ಮಿಟ್ ಬರುತ್ತದೆ ಎಂಬುದೊಂದು ಅದಕ್ಕೆ ಗೊತ್ತಿಲ್ಲ. ಕಡಿದ ಮೇಲೆ ಕೂಳೆ ಚಿಗುರಲೆಂದು ಒಣ ಸೋಗೆಗೆ ಬೆಂಕಿ ಕೊಡುತ್ತಾರೆ, ಅದೂ ಗೊತ್ತಿಲ್ಲ.

ಅಲ್ಲಿಂದ ನನಗೆ ಅರಕಲಗೂಡು ತಾಲ್ಲೂಕಿಗೆ ವರ್ಗವಾಯಿತು. ಕೊಣನೂರು, ರಾಮನಾಥಪುರದ ಕಡೆ ಬೆಳಿಗ್ಗೆ ಹೊತ್ತು ಸ್ಕೂಟರಿನಲ್ಲಿ ಹೋಗುವಾಗ ಒಂದು ಸಲ ಕೊಯ್ಲಾದ ಗದ್ದೆಯಲ್ಲಿ ಇದು ನಿಂತಿರುವುದನ್ನು ಕಂಡೆ. ಸ್ಕೂಟರ್ ನಿಲ್ಲಿಸಿ ಹತ್ತು ನಿಮಿಷ ನೋಡಿದೆ. ಮೈ ಅಲ್ಲಾಡಲಿಲ್ಲ, ಕಿವಿ ಮಾತ್ರ ಒಂದು ಆ ಕಡೆ, ಒಂದು ಈ ಕಡೆ ತಿರುಗುತ್ತಿದ್ದವು. ಇದ್ದಕ್ಕಿದ್ದಂತೆ ನಾಲ್ಕೂ ಕಾಲು ಎತ್ತಿ ನೆಗೆದು ಕೂಳೆಯ ನಡುವೆ ಬಿತ್ತು. ಎದ್ದಾಗ ಬಾಯಲ್ಲಿ ಇಲಿ. ಅಂದು ಪ್ರಾರ್ಥನೆಗೆ ತಡವಾಗಿ ಹೋದೆ.

ರಾಜಸ್ಥಾನದ ಸರಿಸ್ಕಾದಲ್ಲಿ ಈ ಬೆಕ್ಕಿನ ಆಹಾರವನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನಾನು ಪ್ರತಿವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬಿಡಿಸಲು ಕೊಡುತ್ತೇನೆ. ಒಂದು ಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ಜಾತಿಯ ಪ್ರಾಣಿಗಳನ್ನು ತಿನ್ನುತ್ತದೆ. ವರ್ಷಕ್ಕೆ ಎಷ್ಟು? 1,095ರಿಂದ 1,825. ಲೆಕ್ಕ ಮುಗಿಸಿದ ಹುಡುಗಿಯೊಬ್ಬಳು, "ನಮ್ಮಪ್ಪ ಇಲಿ ಪಾಷಾಣಕ್ಕೆ ದುಡ್ಡು ಕೊಟ್ಟು ತರ್ತಾರೆ ಸಾರ್" ಎಂದಳು. ಅದರಲ್ಲಿ ಇನ್ನೊಂದು ತೊಂದರೆಯಿದೆ. ನಿಧಾನಕ್ಕೆ ಕೊಲ್ಲುವ ಬ್ರೋಮಾಡಿಯೋಲೋನ್‌ನಂಥ ಔಷಧಿ ತಿಂದ ಇಲಿ ಸಾಯುವ ಮುಂಚೆ ತೂರಾಡುತ್ತಾ ಬಯಲಿಗೆ ಬರುತ್ತದೆ. ಅದನ್ನು ಹಿಡಿದು ತಿಂದ ಬೆಕ್ಕಿನ, ಗೂಬೆಯ ಮೈಗೂ ವಿಷ ಸೇರುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದ್ದಾಗ ಈ ಲೆಕ್ಕ ಹಿಡಿದುಕೊಂಡು ಒಂದು ತೆಂಗಿನ ತೋಟದ ಮನೆಗೆ ಹೋಗಿದ್ದೆ. ಅವರ ಮಗ ನಮ್ಮ ವಿದ್ಯಾರ್ಥಿ; ಬೆಕ್ಕಿಗೆ ಉರುಳು ಹಾಕಿದ್ದಾರೆಂದು ಅವನೇ ಬಂದು ಹೇಳಿದ್ದ. ಮನೆಯಾಕೆ ನನ್ನ ಉಪನ್ಯಾಸವನ್ನೆಲ್ಲ ಕೇಳಿಸಿಕೊಂಡು, "ಇಲಿ ತಿಂದ್ರೆ ಊರಿಗೆಲ್ಲ ಲಾಭ. ಕೋಳಿ ತಿಂದ್ರೆ ನಂಗೊಬ್ಳಿಗೇ ನಷ್ಟ. ಏಳು ಕೋಳಿ ಹೋಗವೆ, ನೀವ್ ಕೊಡ್ತೀರಾ ಮೇಷ್ಟ್ರೆ?" ಎಂದರು. ಉತ್ತರ ಹೊಳೆಯಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಕೊನೆಗೆ ನಾನೂ ಅವರ ಮಗನೂ ಒಂದು ಭಾನುವಾರ ಕೂತು ಕೋಳಿಗೂಡಿಗೆ ಹಲಗೆ, ಜಾಲರಿ ಹೊಡೆದು ಕೊಟ್ಟೆವು. ಉರುಳು ತೆಗೆದರು. ಆಮೇಲೆ ಕೋಳಿ ಹೋಯಿತೋ ಉಳಿಯಿತೋ, ಆಕೆ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ. ಆ ತಾಲ್ಲೂಕಿನಲ್ಲಿ ನಾನು ಹೆಚ್ಚು ಸಲ ಈ ಬೆಕ್ಕನ್ನು ನೋಡಿದ್ದು ಬೆಂಗಳೂರು ರಸ್ತೆಯ ಡಾಂಬರಿನ ಮೇಲೆ, ಚಪ್ಪಟೆಯಾಗಿ.

ಈಗ ಹಾಸನದಲ್ಲಿದ್ದೇನೆ. 2023ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಸಾ, ನಾನ್ ಸಾ. ಹೊಳೆನರಸೀಪುರದ್ ಕಡೆ ಸ್ಕೂಲಲ್ಲಿ... ಬೆಕ್ಕಿನ್ ಮರಿ ತಂದಿದ್ನಲ್ಲ" ಎಂದಿತು ದನಿ. ಹೆಸರು ಹೇಳಲೇಬೇಕಿರಲಿಲ್ಲ. "ಅದೇ ಗದ್ದೆ ಸಾ. ತಿರುಗ ಮೂರು ಮರಿ ಸಿಕ್ಕವೆ. ಜನ ಚಿರತೆ ಅಂತ ಕೂಗಾಡ್ತಾವ್ರೆ. ಈ ಸಲ ಏನ್ ಮಾಡಾದು ಹೇಳಿ."

ಈ ಸಲ ಎಂಬ ಮಾತು ನನಗೆ ನಾಟಿತು. ಅವನ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ, ಅವನು ಎಂದೂ ಹಾಗೆ ಮಾತಾಡಿದವನಲ್ಲ.

ಮೊದಲು ಫೋಟೋ ಕಳಿಸಲು ಹೇಳಿದೆ. ವಾಟ್ಸಾಪಿನಲ್ಲಿ ಬಂತು: ಮೋಟು ಬಾಲ, ಚೂಪು ಕಿವಿ. ಚಿರತೆ ಅಲ್ಲವೆಂದು ಹೇಳಿ, ಯಾರೂ ಬರಿಗೈಯಲ್ಲಿ ಮುಟ್ಟಬೇಡಿ ಎಂದೆ. ಕಾಡುಪ್ರಾಣಿಯ ಮರಿಯಾದರೂ ಕಚ್ಚಿದರೆ, ಪರಚಿದರೆ ರೇಬೀಸ್ ಚುಚ್ಚುಮದ್ದಿಗೆ ಓಡಬೇಕು. 1998ರಲ್ಲಿ ಮೂರು ತರಗತಿಯ ಮಕ್ಕಳ ಕೈಗೆ ಅವನ್ನು ಕೊಟ್ಟದ್ದು ನೆನಪಾದರೆ ಈಗಲೂ ನಡುಕ ಬರುತ್ತದೆ. ಅರಣ್ಯ ಇಲಾಖೆಗೆ ತಿಳಿಸು, ಹಾಲು ಕುಡಿಸಬೇಡ, ಸಿಕ್ಕ ಜಾಗದಿಂದ ದೂರ ಒಯ್ಯಬೇಡ, ಸುತ್ತ ನಾಲ್ಕು ಸಾಲು ಕಬ್ಬು ಹಾಗೇ ಬಿಟ್ಟು ಕಟಾವು ನಿಲ್ಲಿಸು ಎಂದು ಹೇಳಿ ಬಸ್ಸು ಹತ್ತಿದೆ. ಹೊಳೆನರಸೀಪುರಕ್ಕೆ ಹೋಗುವ ದಾರಿಯುದ್ದಕ್ಕೂ ಇನ್ನೇನು ಹೇಳುವುದು ಮರೆತೆ ಎಂದೇ ಯೋಚಿಸುತ್ತಿದ್ದೆ.

ಸ್ಟ್ಯಾಂಡಿನಲ್ಲಿ ಬೈಕು ತಂದು ಕಾಯುತ್ತಿದ್ದ. ತಲೆ ಅರ್ಧ ನರೆತಿದೆ. ಕಿವಿ ಮಾತ್ರ ಹಾಗೇ ಇವೆ. ಗದ್ದೆಗೆ ಹೋದಾಗ ಇಲಾಖೆಯ ಸಿಬ್ಬಂದಿಯೊಬ್ಬರು ಬಂದು ಜನರನ್ನು ಚದುರಿಸಿದ್ದರು. ಕಡಿಯುವ ಆಳುಗಳು ಗೊಣಗುತ್ತಿದ್ದರು, ಅವರಿಗೆ ಅರ್ಧ ದಿನದ ಕೂಲಿ ಹೋಯಿತಲ್ಲ. ಅದನ್ನು ತಾನು ಕೊಡುವುದಾಗಿ ಅವನು ಹೇಳಿದ. ಹೊತ್ತು ಮುಳುಗುವ ಮುಂಚೆ, ಕೈಗೆ ಗೋಣಿತಾಟು ಸುತ್ತಿಕೊಂಡು ಮೂರು ಮರಿಗಳನ್ನೂ ಅಡ್ಡಡ್ಡಲಾದ ತಗ್ಗು ಕುಕ್ಕೆಯಲ್ಲಿ, ತಾಯಿ ಸುಲಭವಾಗಿ ಬಾಯಿ ಹಾಕುವಂತೆ, ಅದೇ ಸೋಗೆಯ ಮೇಲೆ ಇಟ್ಟೆವು. ನಾವು ಪಂಪ್‌ಸೆಟ್ ಮನೆಯ ಹಿಂದೆ ಹೋಗಿ ಕೂತೆವು. ಟಾರ್ಚಿಲ್ಲ, ಬೀಡಿಯಿಲ್ಲ, ಫೋನ್ ಆರಿಸಿದ್ದೆವು.

ಎಂಟು ಗಂಟೆಯವರೆಗೆ ಮರಿಗಳು ಕೂಗುತ್ತಿದ್ದವು. ಆಮೇಲೆ ಸುಮ್ಮನಾದವು. ಸುಮ್ಮನಾದದ್ದು ಕೂಗಿಗಿಂತ ಹೆಚ್ಚು ಹೆದರಿಸಿತು. ಹತ್ತರ ಹೊತ್ತಿಗೆ ಕಬ್ಬಿನ ಸಾಲಿನೊಳಗೆ ಒಣ ಸೋಗೆ ಒಮ್ಮೆ ಚರಕ್ ಎಂದಿತು. ಅವನು ನನ್ನ ಮೊಣಕೈ ಹಿಡಿದ. ನೋಡಬೇಕೆಂದು ಇಬ್ಬರಿಗೂ ಅನ್ನಿಸಿತು, ಇಬ್ಬರೂ ಏಳಲಿಲ್ಲ. ಮತ್ತೆ ಬಹಳ ಹೊತ್ತಿನ ಮೇಲೆ ಇನ್ನೊಂದು ಸಲ ಅದೇ ಸದ್ದು. ಮೂರನೆಯ ಸಲ ಕೇಳಲೇ ಇಲ್ಲ. ಯಾವಾಗಲೋ ಗೋಡೆಗೆ ಒರಗಿ ನಿದ್ದೆ ಬಂದುಬಿಟ್ಟಿತ್ತು.

ನಸುಕಿನಲ್ಲಿ ಹೋಗಿ ನೋಡಿದೆವು. ಕುಕ್ಕೆ ಖಾಲಿ. ನಾಲೆಯ ಹಸಿ ಮಣ್ಣಿನ ಮೇಲೆ ಹೆಜ್ಜೆ ಮೂಡಿದ್ದವು, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ಹೋದದ್ದು ಮೂರು ಸಲ, ಬಂದದ್ದು ಮೂರು ಸಲ. ಅವನು ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೂ ಎಣಿಸಿದ, ನನ್ನನ್ನು ಕರೆದು ಇನ್ನೊಮ್ಮೆ ಎಣಿಸಿದ. ಆಮೇಲೆ ಫೋನ್ ಆನ್ ಮಾಡಿ ಕಟಾವಿನ ಮೇಸ್ತ್ರಿಗೆ, "ಆ ನಾಲ್ಕು ಸಾಲು ನಾಳಿದ್ದು ಕಡೀರಿ, ಬೆಂಕಿ ಮಾತ್ರ ಕೊಡ್ಬ್ಯಾಡಿ" ಎಂದು ಹೇಳಿದ. ಕುಕ್ಕೆಯನ್ನು ಬಡಿದು ಸೋಗೆ ಉದುರಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, "ಮನೇಲಿ ಕಾಫಿ ಕುಡ್ಕಂಡೇ ಹೋಗ್ಬೇಕು ಸಾ" ಎಂದ.